ಕೊಡಲಿ ಹಚ್ಚಬಾರದ ಗಿಡಕ್ಕೊಂದು ಗರಗಸ

ಮಸ್ಕಿಯಲ್ಲಿ ನಮ್ಮ ಮನೆಯ ಗುರುತು ಹೇಳುವುದು ಸುಲಭವಿತ್ತು. "ಬೇವಿನ ಗಿಡದ ಮನಿ" ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರುವವರೂ ಕೈ ಮಾಡಿ ದಾರಿ ತೋರಿಸುತ್ತಿದ್ದರು. ನಮ್ಮ ಕಡೆ ಎಷ್ಟೇ ದೊಡ್ಡ ಮರವಾದರೂ ಅದು ಗಿಡವೇ. ಮೊಣಕಾಲೆತ್ತರದ ತೊಗರಿಯೂ ಗಿಡ, ಮೂವರು ಕೈ ಹಿಡಿದು ತಬ್ಬಿದರೂ ಸಾಲದ ಈ ಬೇವೂ ಗಿಡ. ಹಿತ್ತಲಲ್ಲಿ ಹುಟ್ಟಿದ್ದು ಹಿತ್ತಲಲ್ಲೇ ಇರಬೇಕಿತ್ತು. ಹಾಗಿರದೆ ಒಂದು ಟೊಂಗೆಯನ್ನು ಗೋಡೆ ದಾಟಿಸಿ ನಮ್ಮ ಮಾಳಿಗೆಯ ಮೇಲೆ ಚಾಚಿ ಕೂತಿತ್ತು. ಮಾಳಿಗೆ ಅಂದರೆ ಮಣ್ಣಿನ ಮಾಳಿಗೆ, ಕೆಳಗೆ ತೊಲೆ ಜಂತಿ, ಮೇಲೆ ಮಣ್ಣು. ಟೊಂಗೆಯ ನೆರಳು ಬೀಳುತ್ತಿದ್ದದ್ದು ಸರಿಯಾಗಿ ಒಳಕೋಣೆಯ ಮೇಲೆ. ನಮ್ಮ ಮನೆಯಲ್ಲಿ ಬಾಗಿಲು ಮುಚ್ಚಿಕೊಳ್ಳಲು ಬರುವಂಥ ಕೋಣೆ ಅದೊಂದೇ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಿಂದಿನ ಮುಂಗಾರಿನ ಒಂದು ಗಾಳಿಗೆ ಆ ಟೊಂಗೆ ಬುಡದ ಹತ್ತಿರ ಸೀಳು ಬಿಟ್ಟಿತು. ಸೀಳಿನೊಳಗೆ ನನ್ನ ಅಂಗೈ ಹೋಗುತ್ತಿತ್ತು. ಬೇಸಿಗೆ ಬರುತ್ತಿದ್ದಂತೆ ತಂಗಿಯ ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಮುದಗಲ್ಲಿನ ಗಂಡನ ಮನೆಯಲ್ಲಿ ಕುಬಸ ಮುಗಿಸಿಕೊಂಡು ಅವಳು ಚೊಚ್ಚಲ ಬಾಣಂತನಕ್ಕೆ ನಮ್ಮಲ್ಲಿಗೆ ಬರುವವಳು. ಹೆರಿಗೆ ಲಿಂಗಸುಗೂರಿನ ದವಾಖಾನೆಯಲ್ಲೇ ಆಗಲಿ, ಅದಕ್ಕೆ ಮೊದಲು ಅವಳೂ ಆಮೇಲೆ ತಾಯಿ ಮಗು ಇಬ್ಬರೂ ತಿಂಗಳುಗಟ್ಟಲೆ ಮಲಗಬೇಕಾದದ್ದು ಆ ಒಳಕೋಣೆಯಲ್ಲಿ, ಆ ಸೀಳಿದ ಟೊಂಗೆಯ ಕೆಳಗೆ. ಮುಂಗಾರಿನ ಮೊದಲ ಗಾಳಿಯೂ ಅದೇ ಹೊತ್ತಿಗೆ ಬರುವಂಥದ್ದು.

ಕಡಿಸಿಬಿಟ್ಟರೆ ಆಯಿತಲ್ಲ ಅನ್ನುತ್ತೀರಿ. ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಆ ಗಿಡಕ್ಕೆ ಅವ್ವನ ಹರಕೆಯಿತ್ತು. ನಾನು ಇನ್ನೂ ತೊದಲು ಮಾತಾಡುವ ವಯಸ್ಸಿನಲ್ಲಿದ್ದಾಗ ಮೈಮೇಲೆ ದೇವಿ ಬಂದಿದ್ದಳಂತೆ. ಸಿಡುಬಿಗೆ ನಮ್ಮಲ್ಲಿ ಹಾಗೆಯೇ ಹೇಳುವುದು. ಓಣಿಯಲ್ಲಿ ನನ್ನ ಓರಗೆಯವರು ಒಬ್ಬೊಬ್ಬರಾಗಿ ಹೋದರಂತೆ. ಅವ್ವ ನನ್ನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಗಿಡದ ಬುಡಕ್ಕೆ ಹಣೆ ಹಚ್ಚಿ, "ಇವನ್ನ ಉಳಿಸಿ ಕೊಡವ್ವಾ, ನಾ ಇರೋಮಟ ನಿನ್ನ ಗಿಡಕ್ಕ ಕೊಡಲಿ ಹಚ್ಚಂಗಿಲ್ಲ" ಎಂದು ಬೇಡಿಕೊಂಡಳು. ನಾನು ಉಳಿದೆ. ಮುಖದ ತುಂಬ ಕಲೆ ಉಳಿದವು. ಗಿಡ ತನ್ನ ಪಾಡಿಗೆ ತಾನು ಬೆಳೆಯಿತು.

ನನ್ನದು ಸೈಕಲ್ ಅಂಗಡಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಗಿರಾಕಿಗಳಿಗೆಲ್ಲ ಗೊತ್ತು. ಮನೆಯಲ್ಲಿ ಮಾತ್ರ ಆ ಸಿಟ್ಟು ಅಷ್ಟಾಗಿ ನಡೆಯುತ್ತಿರಲಿಲ್ಲ. ಅವ್ವನಿಗೆ ಒಮ್ಮೆ ಹೇಳಿ ನೋಡಿದೆ. ಟೊಂಗೆ ಬಿದ್ದರೆ ಮಾಳಿಗೆ ಉಳಿಯುವುದಿಲ್ಲ ಅಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಕೊಟ್ಟ ಮಾತು ತಗೊಳ್ಳಾಕ ಬರತೈತೇನು?" ಎಂದಳು. ಅಷ್ಟೇ. ನಾನು ಎದ್ದು ಹೋದೆ. ಅವಳ ಮುಖ ನೋಡಬೇಕಿತ್ತು, ನೋಡಲಿಲ್ಲ.

ಕಟ್ಟಿಗೆ ಕಡಿಯುವವರನ್ನು ಕೇಳಿದೆ. ಅವರು ಗಿಡ ನೋಡಿ, ಹರಕೆಯ ಮಾತು ಕೇಳಿ, ಹಿಂದೆ ಸರಿದರು. ಕೊಡಲಿ ಬಿಟ್ಟು ಕೈಗರಗಸದಲ್ಲೇ ಕೊಯ್ಯಿರಿ ಅಂದರೆ ನಕ್ಕರು. ಆ ದಪ್ಪದ ಟೊಂಗೆಗೆ ಇಬ್ಬರು ಎದುರುಬದುರು ಕೂತು ಎಳೆಯುವ ಗರಗಸವೇ ಬೇಕು. ಸೀಳಿದ ಟೊಂಗೆಯ ಮೇಲೆ ಇಬ್ಬರು ಕೂತು ಅರ್ಧ ದಿನ ಅಲ್ಲಾಡಿದರೆ ಅದು ಕುಳಿತವರ ಸಮೇತ ಕೆಳಗೆ ಬರುತ್ತದೆ. ಅವರ ಮಾತು ಸುಳ್ಳೇನಲ್ಲ.

ಆ ದಿನಗಳಲ್ಲೇ ಒಂದು ದಿನ ಹಳೇ ಸೈಕಲ್ ಕೊಳ್ಳಲು ಸಿಂಧನೂರು ದಾಟಿ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೆ ಹೋಗಿದ್ದೆ. ಕಾಲುವೆ ದಂಡೆಯ ಜಾಲಿ ಗಿಡವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಒಬ್ಬ ಬಂಗಾಲಿ ರೈತ, ವಯಸ್ಸಾದವರು, ಲುಂಗಿ ಮೇಲೆ ಕಟ್ಟಿ, ಕೈಯಲ್ಲಿ ಸಣ್ಣದೊಂದು ಎಂಜಿನ್ ಹಿಡಿದು ನಿಂತಿದ್ದರು. ಎಂಜಿನ್ನಿನ ಮುಂದೆ ಉದ್ದನೆಯ ಪಟ್ಟಿ, ಪಟ್ಟಿಯ ಸುತ್ತ ಚೈನು, ಚೈನಿಗೆ ಹಲ್ಲು. ಅದನ್ನು ಜಾಲಿಗೆ ತಾಗಿಸಿದ್ದೇ ತಡ, ಎರಡು ಬೀಡಿ ಸೇದುವಷ್ಟರಲ್ಲಿ ಗಿಡ ತುಂಡು ತುಂಡಾಗಿ ರಸ್ತೆ ಬದಿಗೆ ಬಿತ್ತು. ಬಸ್ಸು ಹೋಯಿತು, ಎತ್ತಿನ ಗಾಡಿಗಳು ಹೋದವು. ನಾನು ಹೋಗಲಿಲ್ಲ.

"ಯಾರದು ದಾದಾ ಇದು?" ಎಂದು ಕೇಳಿದೆ.

"ಗುತ್ತಿಗೆದಾರಂದು. ನಾನು ಬರೀ ನಡೆಸೋದು" ಎಂದರು. ಇಲ್ಲಿ ಗದ್ದೆ ಮಾಡುತ್ತ ಬಹಳ ವರ್ಷವಾದರೂ ಅವರ ಕನ್ನಡಕ್ಕೆ ಅವರದೇ ಒಂದು ಎಳೆತವಿತ್ತು. "ಹಿಡಿದು ನೋಡು, ಹೆದರಬೇಡ. ಜೋರು ಮಾಡಬೇಡ. ಅದರ ಭಾರ ಅದಕ್ಕೇ ಬಿಡು."

ಹಿಡಿದು ನೋಡಿದೆ. ಚೈನಿನ ಜೊತೆಯಲ್ಲೇ ಬದುಕಿದ ನನಗೆ ಚೈನು ಹಾಗೂ ಓಡಬಲ್ಲದು ಎಂದು ಗೊತ್ತಿರಲಿಲ್ಲ. ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದರೆ, ಗುತ್ತಿಗೆದಾರ ಅದನ್ನು ಕಾಲುವೆ ಕೆಲಸ ಬಿಟ್ಟು ಎಲ್ಲಿಗೂ ಕಳಿಸುವುದಿಲ್ಲ ಎಂದರು.

ಮನೆಗೆ ಬಂದು ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ವರ್ಣಿಸಿದೆ. ನನ್ನ ವರ್ಣನೆ ಸ್ವಲ್ಪ ಹೆಚ್ಚೇ ಆಗಿರಬೇಕು, ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಅವ್ವ ಒಲೆಯ ಮುಂದೆ ಕೂತಿದ್ದಳು. ನಾನು ಕೈ ತೊಳೆಯಲು ಏಳುವ ಹೊತ್ತಿಗೆ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಅದಕ್ಕ ಕೊಡಲಿ ಇರಂಗಿಲ್ಲೇನು?"

"ಯಾವುದಕ್ಕವ್ವಾ?"

"ಅದ, ನೀ ಹೇಳಿದ ಮಷಿನ್ನಿಗೆ. ಎಲ್ಲೀನೂ ಕೊಡಲಿ ಇರಂಗಿಲ್ಲ?"

"ಇಲ್ಲ. ಚೈನ್ ಐತಿ, ಚೈನಿಗೆ ಹಲ್ಲು ಅದಾವ. ಗರಗಸ ಅದು."

"ಬಡಿಯಂಗಿಲ್ಲ?"

"ಬಡಿಯೋದಿಲ್ಲ. ತಾಗಿಸೋದಷ್ಟ, ಕೊಯ್ಕೊಂತ ಹೋಗತೈತಿ."

ಅವ್ವ ಬೂದಿಯನ್ನು ಹೊರಗೆಳೆದು ಒಲೆ ಆರಿಸಿದಳು. "ನಾ ಕೊಡಲಿ ಅಂತ ಅಂದಿದ್ನಿ" ಎಂದು ತನಗೆ ತಾನೇ ಹೇಳಿಕೊಂಡಳು. ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಂಥ ಹೊತ್ತಿನಲ್ಲಿ ಹೆಚ್ಚು ಮಾತಾಡಿದರೆ ಕೆಲಸ ಕೆಡುತ್ತದೆ ಎಂಬಷ್ಟು ಬುದ್ಧಿ ನಮಗಿತ್ತು.

ಮರುದಿನದಿಂದ ನನಗೆ ಗರಗಸದ್ದೇ ಧ್ಯಾನ. ಮೊದಲು ಲಿಂಗಸುಗೂರಿಗೆ ಹೋಗಿ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಕೇಳಿದೆ. ಎಂಜಿನ್ನಿನ ಗರಗಸ ಬೇಕು ಅಂದರೆ ಅಂಗಡಿಯವನು, "ಸಾಮಿಲ್ ಇಡಾವರೇನ್ರಿ?" ಎಂದು ಕೇಳಿ, ಕೈಗರಗಸವನ್ನೇ ಕಾಗದದಲ್ಲಿ ಸುತ್ತತೊಡಗಿದ. ಇತ್ತ ನನ್ನ ಅಂಗಡಿಗೆ ಬಂದವರೆಲ್ಲ ಸಲಹೆಗಾರರಾದರು. ಜೀವಮಾನದಲ್ಲಿ ಅಂಥದ್ದನ್ನು ಕಣ್ಣಿಂದ ನೋಡದವರೂ "ತಗೊಂಡ್ರ ದೊಡ್ಡದ ತಗೋಬೇಕು" ಎಂದರು. ಪಂಕ್ಚರ್ ಹಾಕಿಸಿಕೊಳ್ಳಲು ಬಂದ ಸಾಲಗುಂದದ ಒಬ್ಬ, ಸಣ್ಣದೇ ಸಾಕು, ವರ್ಷಕ್ಕೊಮ್ಮೆ ಮುಟ್ಟುವ ಸಾಮಾನಿಗೆ ಯಾಕಷ್ಟು ಪೆಟ್ರೋಲು ಕುಡಿಸಬೇಕು ಎಂದು ವಾದಿಸಿದ. ಇಬ್ಬರ ಮಾತೂ ಕೇಳಿ ನನ್ನ ತಲೆ ಕೆಟ್ಟು, ಸಿಂಧನೂರಿನಲ್ಲಿ ಕೃಷಿ ಯಂತ್ರದ ಅಂಗಡಿಯಿದೆ, ಹೋಗಿ ಕಣ್ಣಾರೆ ನೋಡಿಯೇ ಬಿಡೋಣ ಎಂದು ಹೊರಟೆ. ಹೆಂಡತಿಯೂ ಜೊತೆಗೆ ಬಂದಳು. ಬಾಣಂತಿಗೆ ಅಂಟಿನುಂಡೆ ಕಟ್ಟಲು ಅಂಟು, ಉತ್ತತ್ತಿ, ಕೊಬ್ಬರಿ ತರುವುದಿತ್ತು. ಅದು ನೆಪ. ನಾನು ದೊಡ್ಡ ಮಷಿನ್ನಿಗೆ ಮರುಳಾಗುತ್ತೇನೆಂದು ಅವಳಿಗೆ ಮೊದಲೇ ಗೊತ್ತಿತ್ತು.

ಅಂಗಡಿಯ ಯಜಮಾನರು ಆಂಧ್ರದ ಕಡೆಯಿಂದ ಬಂದು ನೆಲೆಸಿದವರು. ಪಂಪ್‌ಸೆಟ್ಟು, ಔಷಧಿ ಹೊಡೆಯುವ ಡಬ್ಬಿ, ರಬ್ಬರ್ ಪೈಪುಗಳ ನಡುವೆ ಒಂದು ಕಟ್ಟೆಯ ಮೇಲೆ ಮೂರು ಗರಗಸಗಳನ್ನು ಸಾಲಾಗಿ ಇಟ್ಟಿದ್ದರು. ದೊಡ್ಡದು, ನಡುವಿನದು, ಸಣ್ಣದು. ನಾನು ನೇರವಾಗಿ ದೊಡ್ಡದರ ಹತ್ತಿರ ಹೋಗಿ ನಿಂತೆ.

"ರಂಡಿ ಅಣ್ಣಾ, ಬರ್ರಿ, ಕೂತ್ಕೋರಿ. ಮೊದಲು ಹೇಳ್ರಿ, ಎಷ್ಟು ದಪ್ಪದ ಕಟ್ಟಿಗಿ ಕೊಯ್ಯೋದೈತಿ?" ಎಂದು ಅವರು ತೆಲುಗು ಬೆರೆಸಿ ಕೇಳಿದರು.

ಟೊಂಗೆಯ ಸುತ್ತಳತೆಯನ್ನು ದಾರದಲ್ಲಿ ಅಳೆದು ಇಟ್ಟಿದ್ದೆ. ಜೇಬು ತಡಕಿದರೆ ದಾರವಿಲ್ಲ, ಮನೆಯ ಗೂಟಕ್ಕೆ ಹಾಕಿದ ಅಂಗಿಯಲ್ಲಿ ಉಳಿದಿತ್ತು. ಕೈಯಿಂದ ತೋರಿಸಲು ನೋಡಿದೆ, ಪ್ರತಿಸಲವೂ ಬೇರೆ ಬೇರೆ ಅಳತೆ ಬಂತು. ಕೊನೆಗೆ ಪಕ್ಕದಲ್ಲಿ ನಿಂತ ಹೆಂಡತಿಯ ಕಡೆ ಕೈ ಮಾಡಿ, "ಇಕೀ ನಡಾ ಐತಲ್ಲ, ಅಷ್ಟು ದಪ್ಪ" ಎಂದುಬಿಟ್ಟೆ.

ಯಜಮಾನರು ಪಂಪ್‌ಸೆಟ್ಟಿನ ಕಡೆ ಮುಖ ತಿರುಗಿಸಿದರು. ಹೆಂಡತಿ ನನ್ನ ಕಡೆ ನೋಡಿದ ನೋಟಕ್ಕೆ ಹಸಿ ಜಾಲಿ ಹೊತ್ತಿಕೊಳ್ಳಬೇಕಿತ್ತು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, "ಆ ಟೊಂಗಿ ನನಗಿಂತ ದಪ್ಪ ಐತ್ರಿ, ಇವರ ಮಾತು ಕೇಳಬ್ಯಾಡ್ರಿ" ಎಂದಳು. ಯಜಮಾನರು ಕೆಮ್ಮಿದರು. "ಆಯ್ತಮ್ಮಾ. ಹಂಗಾರ ನಡುವಿಂದ ಸರಿ ಹೋಗತೈತಿ" ಎಂದು ಹೇಳಿ, ತಾವು ಆಡಿದ್ದೇನೆಂದು ಹೊಳೆದು, "ಅಂದ್ರ, ಈ ನಡುವಿನ ಮಷಿನ್ ಅಂದೆ" ಎಂದು ಗಾಬರಿಯಿಂದ ಸೇರಿಸಿದರು. ಆಮೇಲೆ ಮೂವರೂ ನಕ್ಕೆವು. ಮುಂದೆ ಆ ಗರಗಸಕ್ಕೆ ನಮ್ಮ ಮನೆಯಲ್ಲಿ ನಡುವಿನ ಮಷಿನ್ ಎಂದೇ ಹೆಸರು ಉಳಿಯಿತು, ಹೇಳಿದಾಗಲೆಲ್ಲ ಹೆಂಡತಿ ಏನಾದರೂ ತೆಗೆದು ಎಸೆಯುತ್ತಿದ್ದಳು.

ನನಗೆ ಮಾತ್ರ ಇನ್ನೂ ದೊಡ್ಡದರ ಮೇಲೇ ಕಣ್ಣು. ಯಜಮಾನರು ಅವಸರ ಮಾಡಲಿಲ್ಲ. "ವರ್ಷಕ್ಕೆ ಎಷ್ಟು ಸಲ ಹಿಡೀತೀರಿ?" ಎಂದರು. ಈ ಟೊಂಗೆಯಾದ ಮೇಲೆ ಒಂದೋ ಎರಡೋ ಸಲ, ಹೊಲದ ಬದುವಿನ ಜಾಲಿಗೆ ಅಂದೆ. "ಎಲ್ಲಿ ನಿಂತು ಕೊಯ್ತೀರಿ?" ಮಾಳಿಗೆಯ ಮೇಲೆ ಅಂದೆ. ಅವರು ದೊಡ್ಡದನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಎದೀಮಟ ಎತ್ತಿ ಹಿಡಕೊಂಡು ನಿಲ್ರಿ. ನಾ ಒಂದು ಚಾ ಕುಡೀತೀನಿ."

ಅವರು ಚಹಾ ಮುಗಿಸುವ ಮೊದಲೇ ನನ್ನ ರಟ್ಟೆ ನಡುಗತೊಡಗಿತು. ಹೆಂಡತಿಯ ಮುಂದೆ ಇಳಿಸಲು ಮನಸ್ಸಿಲ್ಲ, ಹಿಡಿಯಲು ಕೈಯಿಲ್ಲ. "ಮಾಳಿಗಿ ಮ್ಯಾಲ ಇದನ್ನ ಹಿಡಕೊಂಡು ನಿಂತ್ರ, ಅದ ನಿಮ್ಮನ್ನ ಎತ್ತಿಕೊಂಡು ಕೆಳಗ ಇಳೀತೈತಿ" ಎಂದಳು ಅವಳು. ಇಳಿಸಿದೆ. ಸಣ್ಣದು ಕೈಗೆ ಹಗುರವಾಗಿತ್ತು. ಆದರೆ ಅದರ ಪಟ್ಟಿ ಗಿಡ್ಡ, ಟೊಂಗೆಯ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಎರಡೂ ಕಡೆಯಿಂದ ಕೊಯ್ಯಲು ಸೀಳಿದ ಟೊಂಗೆಯ ಆಚೆ ಹೋಗಿ ನಿಲ್ಲಬೇಕಾಗುತ್ತದೆ. ನಡುವಿನದು ಒಂದೇ ಬದಿಯಿಂದ ಪೂರಾ ದಾಟುತ್ತದೆ. ಕೈ ಜಾರಿ ಪಟ್ಟಿ ಮೇಲಕ್ಕೆ ಚಿಮ್ಮಿದರೆ ಚೈನನ್ನು ನಿಲ್ಲಿಸುವ ಬ್ರೇಕು ಅದಕ್ಕಿತ್ತು. ಅಪರೂಪಕ್ಕೆ ಬಳಸುವವರು ಮೊದಲು ನೋಡಬೇಕಾದದ್ದು ಜೋರಲ್ಲ, ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತ ಮೇಲೂ ಹಗ್ಗ ಎಳೆದರೆ ಶುರುವಾಗುತ್ತದೆಯೇ, ಚೈನು ಹರಿದರೆ ಬಸ್ಸಿನ ದಾರಿಯಲ್ಲೇ ಇನ್ನೊಂದು ಸಿಗುತ್ತದೆಯೇ ಅನ್ನುವುದನ್ನು, ಎಂದು ಯಜಮಾನರು ಹೇಳಿದರು. ಕೆಲಸ ಮುಗಿದ ಮೇಲೆ ಪೆಟ್ರೋಲನ್ನು ಅದರ ಹೊಟ್ಟೆಯಲ್ಲಿ ಬಿಡಬಾರದು ಎಂದೂ ಹೇಳಿದರು. ಅಂಗಡಿಯ ಮುಂದೆ ಬಿದ್ದಿದ್ದ ಜಾಲಿ ಕೊರಡನ್ನು ತಾವೇ ಕೊಯ್ದು ತೋರಿಸಿದರು. ಮೊಸರಿಗೆ ಸೌಟು ಇಳಿದಂತೆ ಇಳಿಯಿತು. ಹೆಂಡತಿ ಪಕ್ಕದಲ್ಲೇ ನಿಂತು ನೋಡಿದಳು. ಇದನ್ನು ಯಾಕೆ ಹೇಳುತ್ತೇನೆಂದರೆ, ಅವಳು ಹೀಗೆ ನೋಡಿದ್ದೇ ಮರುದಿನ ನಮ್ಮನ್ನು ಕಾಪಾಡಿತು.

ನಡುವಿನದನ್ನೇ ಕೊಂಡು, ಪೆಟ್ರೋಲು ಬಸಿದು, ಮಷಿನ್ನನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆವು. ಚೀಲದಲ್ಲೇನೆಂದು ಕಂಡಕ್ಟರ್ ಕೇಳಿದ್ದಕ್ಕೆ ಹೆಂಡತಿ, "ಬಾಣಂತಿ ಸಾಮಾನ್ರಿ" ಎಂದಳು. ಸುಳ್ಳೆಂದು ನನಗೆ ಅನ್ನಿಸಲಿಲ್ಲ.

ಆ ದಿನ ಬುಧವಾರ. ತಂಗಿಯನ್ನು ಅವಳ ಗಂಡನ ಮನೆಯವರು ಗುರುವಾರ ಸಂಜೆ ಕರೆತಂದು ಬಿಡುವುದೆಂದು ಮಾತಾಗಿತ್ತು. ಶುಕ್ರವಾರ ದೇವಿಯ ವಾರ, ಗಿಡ ಮುಟ್ಟುವ ಹಾಗಿಲ್ಲ. ಆಮೇಲೆ ಬಸುರಿ ಹೆಂಗಸು ಮನೆಯಲ್ಲಿರುವಾಗ ಗಿಡ ಕೊಯ್ಯುವುದನ್ನು ಅವ್ವ ಒಪ್ಪುವುದಿಲ್ಲ. ಹಾಗಾಗಿ ಉಳಿದದ್ದು ಗುರುವಾರದ ಮುಂಜಾನೆ ಒಂದೇ.

ಸಂಜೆ ಅಂಗಡಿ ಮುಚ್ಚಿ ಬಂದು ಮಷಿನ್ನನ್ನು ಪಡಸಾಲೆಯಲ್ಲಿ ಬಿಚ್ಚಿ ನೋಡಿದೆ. ಜಾಲಿಯ ಅಂಟು, ಹುಡಿ, ಎಣ್ಣೆ ಸೇರಿ ಚೈನು ಜಿಡ್ಡುಗಟ್ಟಿತ್ತು. ಜಿಡ್ಡುಗಟ್ಟಿದ ಚೈನು ಕಂಡರೆ ನನಗೆ ನಿದ್ದೆ ಬರುವುದಿಲ್ಲ. ಬಿಚ್ಚಿದೆ, ಸೀಮೆಎಣ್ಣೆಯಲ್ಲಿ ತೊಳೆದೆ, ಬಟ್ಟೆಯಿಂದ ಒರೆಸಿದೆ, ಎಣ್ಣೆ ಬಿಟ್ಟು ಮತ್ತೆ ಹಾಕಿ, ಬೆರಳಿಂದ ಎತ್ತಿ ಬಿಗಿತ ನೋಡಿ ಸಮಾಧಾನಪಟ್ಟೆ. ಎಷ್ಟು ಸಾವಿರ ಚೈನು ಹಾಕಿದ ಕೈ ಇದು. ಹೆಂಡತಿ ದೀಪದ ಹತ್ತಿರ ಉತ್ತತ್ತಿಯ ಬೀಜ ತೆಗೆಯುತ್ತ ಕೂತಿದ್ದಳು.

ಬೆಳಿಗ್ಗೆ ಅವ್ವ ಗಿಡಕ್ಕೆ ನೀರು ಹಾಕಿ, ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿದಳು. ಮಷಿನ್ನಿಗೂ ಕುಂಕುಮ ಇಟ್ಟಳು. "ಕೊಡಲಿ ಅಲ್ಲವ್ವಾ, ಕೊಡಲಿ ಅಲ್ಲ" ಎಂದು ಗಿಡದ ಬುಡದಲ್ಲಿ ಅವಳು ಪಿಸುಗುಟ್ಟುವುದು ನನಗೆ ಕೇಳಿಸಿತು. ಓಣಿಯ ಗಂಡಸರು ಹಗ್ಗ ಹಿಡಿದು ನಿಂತರು. ಟೊಂಗೆಯನ್ನು ತುದಿಯಿಂದ ತುಂಡು ತುಂಡಾಗಿ ಕೊಯ್ಯುವುದು, ಪ್ರತಿ ತುಂಡನ್ನೂ ಮೊದಲೇ ಮೇಲಿನ ಕವಲಿಗೆ ಹಗ್ಗ ಹಾಕಿ ಕಟ್ಟಿ, ಕೊಯ್ದ ಮೇಲೆ ಹಿತ್ತಲಿಗೆ ಇಳಿಸುವುದು ಎಂದು ಮಾತಾಗಿತ್ತು. ನಾನು ಮಾಳಿಗೆ ಹತ್ತಿ, ಹಗ್ಗ ಎಳೆದು ಮಷಿನ್ ಶುರುಮಾಡಿ, ಟೊಂಗೆಗೆ ತಾಗಿಸಿದೆ.

ಸದ್ದು ಬಂತು. ಹೊಗೆ ಬಂತು. ತೊಗಟೆ ಸುಟ್ಟ ವಾಸನೆ ಬಂತು. ಟೊಂಗೆ ಮಾತ್ರ ಹಾಗೆಯೇ ಇತ್ತು. ಒತ್ತಿದೆ, ಭಾರ ಹಾಕಿದೆ, ಮಗ್ಗುಲು ಬದಲಿಸಿದೆ. ಮಷಿನ್ ತೆಗೆದು ನೋಡಿದರೆ ತೊಗಟೆಯ ಮೇಲೆ ನುಣ್ಣಗೆ ಕಪ್ಪಗೆ ಒಂದು ಗೀರು, ಯಾರೋ ಕಾಡಿಗೆ ಎಳೆದ ಹಾಗೆ.

"ಇಳಿ ಯಪ್ಪಾ" ಎಂದಳು ಅವ್ವ. ಧ್ವನಿ ಏರಿಸಲಿಲ್ಲ. "ಆಕೀ ಒಲ್ಲೆ ಅನ್ನಾಕತ್ತಾಳ."

ಹಗ್ಗ ಹಿಡಿದವರಲ್ಲಿ ಕೆಲವರು ತಲೆಯಾಡಿಸಿದರು. ಒಬ್ಬರು ಆಗಲೇ ಹಗ್ಗ ಸುತ್ತತೊಡಗಿದರು. ನಾನು ಇಳಿದೆ. ಮೈಯೆಲ್ಲ ಉರಿಯುತ್ತಿತ್ತು. ದೇವಿಯ ಮೇಲೆ ಸಿಟ್ಟು ಮಾಡಲು ಧೈರ್ಯವಿಲ್ಲದ್ದಕ್ಕೆ ಅಂಗಡಿಯವರ ಮೇಲೆ ಮಾಡಿದೆ. ಮೋಸ ಮಾಡಿದ್ದಾರೆ, ಮುಂದಿನ ಬಸ್ಸಿಗೇ ಹೋಗಿ ಅವರ ಕಟ್ಟೆಯ ಮೇಲೆ ಇದನ್ನು ಎಸೆದು ಬರುತ್ತೇನೆ ಎಂದು ಚಪ್ಪಲಿ ಹುಡುಕಿದೆ. ಅವ್ವ ಬೇವಿನ ಬುಡಕ್ಕೆ ಒರಗಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ನನ್ನ ಕಲೆಗಳನ್ನು ಎಂದು ಗೊತ್ತಾಗಿ ನನಗೆ ಒಳಗೊಳಗೇ ಹೆದರಿಕೆಯಾಯಿತು. ಸಂಜೆಗೆ ತಂಗಿ ಬರುತ್ತಾಳೆ. ಟೊಂಗೆ ಮೇಲಿದೆ. ಇನ್ನು ಅದನ್ನು ಮುಟ್ಟಲು ಈ ಓಣಿಯಲ್ಲಿ ಯಾರೂ ಬರುವುದಿಲ್ಲ.

ಹೆಂಡತಿ ದಾರಿಗಡ್ಡ ನಿಂತಳು. "ಎಲ್ಲಿಗಿ ಹೊಂಟ್ರಿ? ನಿನ್ನಿ ಸಿಂಧನೂರಾಗ ಜಾಲಿ ಕೊರಡು ಕೊಯ್ದಿದ್ದು ನಾ ಕಣ್ಣಾರೆ ನೋಡೀನಿ. ಜಾಲಿ ಕೊಯ್ಯೋದು ಬೇವು ಕೊಯ್ಯಂಗಿಲ್ಲೇನು? ಅಲ್ಲಿಂದ ಇಲ್ಲಿಗಿ ಬಂದಮ್ಯಾಲ ಅದಕ್ಕ ಯಾರು ಕೈ ಹಾಕ್ಯಾರ, ಅದನ್ನ ಹೇಳ್ರಿ."

"ನಾ ಹಾಕೀನಿ. ತೊಳದೀನಿ. ಚೈನಿನ ವಿಷಯ ನನಗ ಹೇಳಾಕ ಬರಬ್ಯಾಡ" ಎಂದು ಗದರಿದೆ.

"ನಾ ಏನೂ ಹೇಳಂಗಿಲ್ಲ. ಒಮ್ಮೆ ನೋಡ್ರಿ ಅಂದೆ."

ನೋಡಬಾರದೆಂಬ ಹಟದಲ್ಲೇ ಕಟ್ಟೆಯ ಮೇಲೆ ಕೂತು ಮಷಿನ್ನನ್ನು ತೊಡೆಯ ಮೇಲೆ ಎಳೆದುಕೊಂಡೆ. ಚೈನು ಬಿಗಿಯಾಗಿತ್ತು, ಶುಭ್ರವಾಗಿತ್ತು, ಒಂದು ಕೊಂಡಿಯೂ ಸಡಿಲವಿರಲಿಲ್ಲ. ಹೆಬ್ಬೆರಳನ್ನು ಚೈನು ಓಡುವ ದಿಕ್ಕಿಗೆ ಎದುರಾಗಿ ಮೆಲ್ಲಗೆ ಸವರಿದೆ. ಜಾರಿತು. ಹಿಂದಕ್ಕೆ ಎಳೆದೆ. ಕಚ್ಚಿತು, ರಕ್ತದ ಹನಿಯೊಂದು ಬಂತು.

ಸೈಕಲ್ ಚೈನಿಗೆ ಹಿಂದೆ ಮುಂದೆ ಇಲ್ಲ. ಹೇಗೆ ಹಾಕಿದರೂ ಓಡುತ್ತದೆ. ಹೊಟ್ಟೆ ಬೆನ್ನು ಯಾವುದೆಂದು ನನ್ನ ಆಯುಷ್ಯದಲ್ಲೇ ನಾನು ನೋಡಿದವನಲ್ಲ, ನೋಡಬೇಕಾದ ಪ್ರಸಂಗವೇ ಬಂದಿರಲಿಲ್ಲ. ಹಿಂದಿನ ಗಾಲಿಯ ಫ್ರೀವೀಲ್ ಒಂದು ಕಡೆ ಹಿಡಿಯುತ್ತದೆ, ಇನ್ನೊಂದು ಕಡೆ ಬರೀ ತಿರುಗುತ್ತದೆ. ಈ ಹಲ್ಲುಗಳದ್ದೂ ಅದೇ ಗುಣ. ನಾನು ಚೈನನ್ನು ತಿರುವುಮುರುವು ಹಾಕಿದ್ದೆ. ಮುಂದಕ್ಕೆ ಓಡುವಾಗ ಹಲ್ಲುಗಳೆಲ್ಲ ಬೆನ್ನು ತೋರಿಸಿಕೊಂಡು ಹೋಗಿದ್ದವು.

ನನಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾಗದೆ. ಓಣಿಯವರು ಇವನಿಗೂ ದೇವಿ ಮೈಮೇಲೆ ಬಂದಳೇನೋ ಎಂಬಂತೆ ನೋಡಿದರು. ಒಂದು ದಡ್ಡತನಕ್ಕೆ ಅಷ್ಟೊಂದು ಖುಷಿಪಟ್ಟದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ. ಎದೆಯ ಮೇಲಿನಿಂದ ಯಾರೋ ಬೀಸುವ ಕಲ್ಲು ಇಳಿಸಿದ ಹಾಗಾಯಿತು.

"ಅವ್ವಾ, ಆಕೀ ಒಲ್ಲೆ ಅಂದಿಲ್ಲ. ನಾ ಚೈನ್ ಉಲ್ಟಾ ಹಾಕೀನಿ."

ಅವ್ವ ಎದ್ದು ಹತ್ತಿರ ಬಂದಳು. "ಖರೇನ?"

"ಖರೇ."

"ನನ್ನ ಸಮಾಧಾನಕ್ಕ ಹೇಳಾಕತ್ತಿಯೇನು? ಗಿಡ ಮುಟ್ಟಿ ಹೇಳು."

ಗಿಡ ಮುಟ್ಟಿ ಹೇಳಿದೆ. ರಕ್ತ ಬಂದ ಹೆಬ್ಬೆರಳು ತೋರಿಸಿದೆ. ಹಲ್ಲುಗಳನ್ನು ಅವಳೂ ಮುಟ್ಟಿ ನೋಡಿದಳು, ಒಮ್ಮೆ ಹೀಗೆ, ಒಮ್ಮೆ ಹಾಗೆ. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದಿದಳು.

"ಹಂಗಾರ ಆಕೀದೇನೂ ಇಲ್ಲ, ಎಲ್ಲಾ ನಿಂದ. ಸೈಕಲ್ ಅಂಗಡಿ ಇಟ್ಟಾನಂತ, ಚೈನ್ ಹಾಕಾಕ ಬರಂಗಿಲ್ಲ" ಎಂದಳು. ಓಣಿಯೆಲ್ಲ ನಕ್ಕಿತು. ಸುತ್ತಿದ ಹಗ್ಗ ಮತ್ತೆ ಬಿಚ್ಚಿಕೊಂಡಿತು.

ಪಾನಾ ಹಾಕಿ ನಟ್ಟು ಸಡಿಲಿಸಿ ಚೈನು ತಿರುಗಿಸಿ ಹಾಕಿದೆ. ಈ ಸಲ ಹೆಂಡತಿಗೂ ತೋರಿಸಿಯೇ ಮೇಲೆ ಹತ್ತಿದೆ. ಟೊಂಗೆಗೆ ತಾಗಿಸುತ್ತಿದ್ದಂತೆ ಹಸಿ ಬೇವಿನ ಹುಡಿ ಮುಖಕ್ಕೆ, ಅಂಗಿಗೆ, ಬಾಯಿಗೆ ಹಾರಿತು. ಅಷ್ಟು ಕಹಿಯನ್ನು ಅಷ್ಟು ಸಂತೋಷದಿಂದ ನಾನು ಉಗಿದದ್ದಿಲ್ಲ. ಕ್ಯಾಂಪಿನ ಹಿರಿಯರು ಹೇಳಿದಂತೆ ಅದರ ಭಾರ ಅದಕ್ಕೇ ಬಿಟ್ಟೆ. ತುದಿಯ ತುಂಡು ಹಗ್ಗಕ್ಕೆ ಜೋತು ಹಿತ್ತಲಿಗೆ ಇಳಿಯಿತು, ಅದರ ಹಿಂದಿನದು ಇಳಿಯಿತು, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಸೀಳಿನ ಹತ್ತಿರದ ದಪ್ಪ ತುಂಡೊಂದೇ ಉಳಿಯಿತು. ಅದನ್ನು ಹಿಡಿಯಲು ಓಣಿಯ ಹೆಂಗಸರೂ ಹಗ್ಗಕ್ಕೆ ಕೈ ಹಾಕಿದರು. ನಡುನಡುವೆ ಮಷಿನ್ ನಿಲ್ಲಿಸಿ ಕೈ ಒದರಿಕೊಳ್ಳುವಾಗ ಆ ದೊಡ್ಡ ಮಷಿನ್ನಿನ ನೆನಪಾಗಿ, ಅದನ್ನು ಆರಿಸಲಿಲ್ಲವಲ್ಲ ಎಂದು ಸುಖವೆನಿಸುತ್ತಿತ್ತು.

ಕೊನೆಯ ತುಂಡು ಕೆಳಗಿಳಿದ ಮೇಲೆ ಎಲ್ಲರೂ ಅದರ ಸೀಳು ನೋಡಲು ಸೇರಿದರು. ಒಳಗೆಲ್ಲ ಲಡ್ಡಾಗಿ ಕೊಳೆತಿತ್ತು. ಇರುವೆ ಮಣ್ಣು ತುಂಬಿ, ಬೆರಳಿಂದ ಕೆದರಿದರೆ ಉದುರುತ್ತಿತ್ತು. ಒಂದು ಬದಿಯ ತೊಗಟೆ, ಅದರ ಕೆಳಗೆ ಅಂಗೈಯಗಲದ ಗಟ್ಟಿ ಕಟ್ಟಿಗೆ, ಅಷ್ಟರ ಮೇಲೇ ಅದು ವರ್ಷಪೂರ್ತಿ ನಮ್ಮ ಮಾಳಿಗೆಯ ಮೇಲೆ ತೂಗಿತ್ತು. ಹೆಂಡತಿ ಹೋಗಿ ಎಲ್ಲರಿಗೂ ಚಹಾ ಮಾಡಿ ತಂದಳು.

ಅವ್ವ ಚಹಾ ಮುಟ್ಟಲಿಲ್ಲ. ಗಿಡದಲ್ಲಿ ಟೊಂಗೆ ಇದ್ದ ಜಾಗಕ್ಕೆ ಅರಿಶಿನ ಕಲಸಿ ಬಳಿಸಿದಳು. ಆಮೇಲೆ ಒಳಕೋಣೆಗೆ ಹೋಗಿ ಕೌದಿ ಹಾಸತೊಡಗಿದಳು. ತಂಗಿಗೆ ಹಾಸುತ್ತಿದ್ದಾಳೆ ಅಂದುಕೊಂಡೆ. ಅಷ್ಟರಲ್ಲಿ ಅವಳೇ ಅದರ ಮೇಲೆ ಅಡ್ಡಾದಳು. ಹಗಲು ಮಲಗಿದ ಅವ್ವನನ್ನು ನಾನು ನೋಡಿಯೇ ಇರಲಿಲ್ಲ. ಗಾಬರಿಯಾಗಿ ಬಾಗಿಲಿಗೆ ಬಂದೆ.

"ಮೈಯಾಗ ಆರಾಮ ಇಲ್ಲೇನವ್ವಾ?"

"ಆರಾಮ ಅದೀನಿ. ನಿದ್ದಿ ಬರಾಕತ್ತೈತಿ." ಕಣ್ಣು ಮುಚ್ಚಿಕೊಂಡೇ ಮಾತಾಡಿದಳು. "ಹೋದ ಮುಂಗಾರಿನಿಂದ ನಾ ಸರಿಯಾಗಿ ಮಲಗಿಲ್ಲೋ ಯಪ್ಪಾ. ಗಾಳಿ ಬೀಸಿದಾಗೆಲ್ಲ ಎದ್ದು ಕೂಡತಿದ್ನಿ. ಮ್ಯಾಲ ನೋಡ್ಕೊಂತ ಕೂಡತಿದ್ನಿ. ಮಗಳು ಬರತಾಳ, ಕೂಸು ಬರತೈತಿ, ಹೆಂಗವ್ವಾ ಅಂತ ಕೇಳ್ಬೇಕು ಅನಿಸ್ತಿತ್ತು. ನಿನ್ನ ಉಳಿಸಿ ಕೊಟ್ಟಾಕಿಗಿ ಎದುರಾಡಾಕ ಬಾಯಿ ಬರಲಿಲ್ಲ."

ಅಷ್ಟು ತಿಂಗಳು ಹೆದರಿದವನು ನಾನೊಬ್ಬನೇ ಅಂದುಕೊಂಡಿದ್ದೆ. ಬಾಗಿಲಲ್ಲೇ ನಿಂತಿದ್ದಾಗ ಅವಳ ಉಸಿರು ನಿಧಾನವಾಯಿತು, ಬಾಯಿ ಸ್ವಲ್ಪ ತೆರೆಯಿತು, ಗೊರಕೆ ಶುರುವಾಯಿತು. ಹೆಂಡತಿ ಬಂದು ನೋಡಿ, ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದ ಹಾಗೆ ಕೆಲಸ ಮಾಡಿದಳು. ಹಿತ್ತಲಲ್ಲಿ ಟೊಂಗೆಯ ಎಲೆ ಸವರುತ್ತಿದ್ದವರಿಗೆ ಮೆಲ್ಲಗೆ ಮಾತಾಡಲು ಹೇಳಿದೆ.

ಸಂಜೆ ತಂಗಿ ಬಂದಿಳಿದಾಗಲೂ ಅವ್ವ ಎದ್ದಿರಲಿಲ್ಲ. ಬಾಗಿಲಲ್ಲಿ ಆರತಿ ಎತ್ತಬೇಕಾದವಳು ಮಲಗಿಬಿಟ್ಟಿದ್ದಾಳೆಂದು ಹೆಂಡತಿಯೇ ತಟ್ಟೆ ಹಿಡಿದು ನಿಂತಳು. ತಂಗಿ ಕಾಲು ತೊಳೆದು ಒಳಕೋಣೆಗೆ ಹೋಗಿ, ಅವ್ವನನ್ನು ನೋಡಿ, ನನ್ನ ಕಡೆ ತಿರುಗಿ ಏನಾಯಿತೆಂದು ಕಣ್ಣಿನಲ್ಲೇ ಕೇಳಿದಳು. ಏನಿಲ್ಲ, ಮಲಗಲಿ ಎಂದು ಕೈ ಮಾಡಿದೆ. ಅವಳು ಒಂದು ಕೈ ನೆಲಕ್ಕೂರಿ, ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಧಾನವಾಗಿ ಕೂತು, ಅವ್ವನ ಪಕ್ಕದಲ್ಲೇ ಕೌದಿಯ ಮೇಲೆ ಒರಗಿದಳು. ಹೊರಗೆ ಸಣ್ಣಗೆ ಗಾಳಿ ಎದ್ದಿತು. ಅವ್ವ ಏಳಲಿಲ್ಲ, ಗೊರಕೆ ನಡೆದೇ ಇತ್ತು.